ಕಂಬದ ಬುಡದಲ್ಲಿ ಬಿಟ್ಟ ಚಪ್ಪಲಿ

ನಾನು ಚಿಕ್ಕವನಿದ್ದಾಗ ನನ್ನ ಚಪ್ಪಲಿಯನ್ನು ಸಮುದ್ರ ತೆಗೆದುಕೊಂಡು ಹೋಯಿತು. ಕಳ್ಳನಲ್ಲ, ನಾಯಿಯಲ್ಲ, ಸಮುದ್ರ. ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ದಿನಾ ಸಂಜೆ ಬಾಗಿಲಾಚೆ ಬಿದ್ದಿರುವ ನಿಮ್ಮ ಶೂಗಳನ್ನೆಲ್ಲ ನಾನು ಒಳಗೆಳೆದು ಗೋಡೆಗೆ ಒತ್ತಿ ಸಾಲಾಗಿಡುವುದನ್ನು ಕಂಡು ಮೊಮ್ಮಕ್ಕಳು ನೀವಿಬ್ಬರೂ ನಗುತ್ತೀರಿ. ಈ ಪರದೇಶದಲ್ಲಿ ನಮ್ಮದು ಕಿಲೆಲೆಶ್ವಾ ಬಡಾವಣೆಯ ಮೂರನೇ ಮಹಡಿಯ ಮನೆ, ಕೆಳಗೆ ಗೇಟು, ಗೇಟಿಗೊಬ್ಬ ಕಾವಲಿನವನು. ಅವನನ್ನು ದಾಟಿ ಬಂದು ನಿಮ್ಮ ಹರಕಲು ಶೂ ಯಾರು ಕದಿಯುತ್ತಾರೆ ಎಂದು ನಿಮ್ಮ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಸ್ವಲ್ಪ ಉದ್ದವಿದೆ.

ಆಗ ನನಗೆ ಎಂಟು ವರ್ಷ. ಅಪ್ಪ ಮೈಸೂರಿನ ಹತ್ತಿರ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಗೂಡಿನಿಂದ ನೂಲು ತೆಗೆಯುವ ಹೊಸ ಯಂತ್ರಗಳ ಕೆಲಸ ಕಲಿತು ಬರಲಿ ಎಂದು ಅವರನ್ನು ಒಂದು ವರ್ಷದ ಮಟ್ಟಿಗೆ ಜಪಾನಿಗೆ ಕಳಿಸಿದರು. ಅದಕ್ಕೆ ಆರು ತಿಂಗಳ ಹಿಂದೆಯಷ್ಟೇ ಅಮ್ಮ ಜ್ವರ ಬಂದು ತೀರಿಕೊಂಡಿದ್ದಳು. ಮಕ್ಕಳನ್ನು ನೆಂಟರ ಮನೆಯಲ್ಲಿ ಬಿಟ್ಟು ಹೋಗು ಎಂದು ಎಲ್ಲರೂ ಬುದ್ಧಿ ಹೇಳಿದರು. ಅಪ್ಪ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ನನ್ನನ್ನೂ ಹದಿನಾಲ್ಕು ವರ್ಷದ ಅಕ್ಕನನ್ನೂ ಕಟ್ಟಿಕೊಂಡೇ ಹಡಗು ಹತ್ತಿದರು.

ಕಟ್ಟಿಕೊಂಡು ಹೋದರೇನೋ ನಿಜ, ಆದರೆ ಮಾತಾಡುವುದನ್ನು ಬಿಟ್ಟಿದ್ದರು. ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಸಂಜೆ ಬರುತ್ತಿದ್ದರು. ಬಂದು ಕಿಟಕಿಯ ಬಳಿ ಕೂರುತ್ತಿದ್ದರು. ನನಗೆ ಅಲ್ಲಿ ಶಾಲೆಯಿಲ್ಲ, ಗೆಳೆಯರಿಲ್ಲ. ಬೀದಿಯ ಮಕ್ಕಳು ನನ್ನನ್ನು ನೋಡಿ ಆಟ ನಿಲ್ಲಿಸುತ್ತಿದ್ದರು, ನಾನು ಒಳಗೆ ಹೋದ ಮೇಲೆ ಮತ್ತೆ ಶುರು ಮಾಡುತ್ತಿದ್ದರು. ನನ್ನ ಕನ್ನಡ ಆ ಇಡೀ ಊರಿನಲ್ಲಿ ಇಬ್ಬರಿಗೆ ಮಾತ್ರ ಅರ್ಥವಾಗುತ್ತಿತ್ತು, ಅವರಲ್ಲಿ ಒಬ್ಬರು ಮಾತೇ ಆಡುತ್ತಿರಲಿಲ್ಲ.

ಇನ್ನು ಚಪ್ಪಲಿಯ ವಿಷಯ. ಹಿಮ್ಮಡಿಗೆ ಪಟ್ಟಿಯಿದ್ದ ಕಂದು ಚರ್ಮದ ಚಪ್ಪಲಿ ಅದು, ಅಮ್ಮ ನನಗೆಂದು ಮಾಡಿಸಿದ ಕೊನೆಯ ವಸ್ತು. ಬೆಳೆಯುವ ಮಗು ಎಂದು ಹೊಲಿಯುವವನಿಗೆ ಹೇಳಿ ಎರಡು ಬೆರಳಿನಷ್ಟು ದೊಡ್ಡದಾಗಿಯೇ ಹೊಲಿಸಿದ್ದಳು. ಮೊದಮೊದಲು ನಡೆದರೆ ಪಟಪಟ ಎಂದು ಸದ್ದಾಗುತ್ತಿತ್ತು, ಊರಿನವರೆಲ್ಲ ನಗುತ್ತಿದ್ದರು. ಜಪಾನಿನಲ್ಲಿ ದಿನಾ ಮಲಗುವ ಮುಂಚೆ ಹಿಮ್ಮಡಿಯ ಹಿಂದೆ ಬೆರಳಿಟ್ಟು ನೋಡಿಕೊಳ್ಳುತ್ತಿದ್ದೆ. ಎರಡು ಬೆರಳಿದ್ದದ್ದು ಒಂದಾಗಿತ್ತು. ಇನ್ನೊಂದು ಬೆರಳು ಬೆಳೆದರೆ ಅಮ್ಮ ಅಂದುಕೊಂಡಿದ್ದ ಅಳತೆಗೆ ನಾನು ಸರಿಯಾಗಿ ಬರುತ್ತಿದ್ದೆ. ಅದನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡೇ ಮಲಗುತ್ತೇನೆ ಎಂದು ಹಟ ಮಾಡಿ ಅಕ್ಕನಿಂದ ಬೈಸಿಕೊಂಡದ್ದೂ ಉಂಟು.

ಒಂದು ಭಾನುವಾರ ಅಪ್ಪ ತಾವಾಗಿಯೇ ಬಾಯಿ ತೆರೆದು, ಸಮುದ್ರದ ದಡದಲ್ಲಿ ಒಂದು ಗುಡಿಯಿದೆಯಂತೆ, ಹೋಗಿ ಬರೋಣ ಎಂದರು. ಅಕ್ಕ ಗಡಿಬಿಡಿಯಲ್ಲಿ ತಲೆ ಬಾಚಿಕೊಂಡಳು. ಬಸ್ಸಿನಲ್ಲಿ ಒಣಮೀನಿನ ವಾಸನೆ, ಕಿಟಕಿಯಾಚೆ ಕಿತ್ತಳೆ ಗಿಡಗಳ ಇಳಿಜಾರು. ಕೊನೆಯ ತಿರುವಿನಲ್ಲಿ ಸಮುದ್ರ ಕಂಡಿತು. ನೀರು ದೂರಕ್ಕೆ ಸರಿದಿತ್ತು. ಒದ್ದೆ ಮರಳಿನ ನಡುವೆ ಕುಂಕುಮದ ಬಣ್ಣದ ಎರಡು ದೊಡ್ಡ ಕಂಬಗಳು, ಮೇಲೆ ಅಡ್ಡ ತೊಲೆ. ಗೋಡೆಯಿಲ್ಲ, ಕದವಿಲ್ಲ, ಬರೀ ಬಾಗಿಲು. ಜಪಾನಿನ ಶಿಂಟೊ ಗುಡಿಗಳಿಗೆಲ್ಲ ಇಂಥದ್ದೊಂದು ಇರುತ್ತದೆ, ಅದಕ್ಕೆ ತೋರಿಯಿ ಎನ್ನುತ್ತಾರೆ. ಅದರಾಚೆ ಪೈನ್ ಮರಗಳಿದ್ದ ಒಂದು ಬಂಡೆಗುಡ್ಡ, ಗುಡ್ಡಕ್ಕೆ ಮೆಟ್ಟಿಲು, ಮೇಲೆ ಗುಡಿ. ಅಷ್ಟು ಚೆಂದದ ಜಾಗವನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ಆ ಕಂಬಗಳ ಬುಡದಲ್ಲಿ ಅಪ್ಪ ನಿಂತು ಚಪ್ಪಲಿ ಕಳಚಿದರು. ಅಲ್ಲಿಯ ಜನ ಹಾಗೆ ಮಾಡುವುದಿಲ್ಲ, ಗುಡಿಯ ಅಂಗಳದಲ್ಲೆಲ್ಲ ಮೆಟ್ಟಿಕೊಂಡೇ ಓಡಾಡುತ್ತಾರೆ. ನಮಗದು ಎಲ್ಲಿ ಗೊತ್ತು? ಬಾಗಿಲು ಬಂತು ಎಂದರೆ ದೇವಸ್ಥಾನ ಬಂತು, ದೇವಸ್ಥಾನ ಬಂತು ಎಂದರೆ ಚಪ್ಪಲಿ ಹೊರಗೆ. ಅಕ್ಕನೂ ಬಿಟ್ಟಳು. ನಾನು ಮಾತ್ರ ಬಿಡಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬರುತ್ತೇನೆ ಎಂದೆ.

“ದೇವರ ಹತ್ರ ಚಪ್ಪಲಿ ಹಿಡ್ಕೊಂಡು ಹೋಗ್ತಾರೇನೋ? ಬಿಡು, ಇಲ್ಲಿ ಯಾರೂ ಮುಟ್ಟೋದಿಲ್ಲ” ಎಂದರು ಅಪ್ಪ.

ಅಪ್ಪ ನನ್ನ ಜೊತೆ ಅಷ್ಟು ಮಾತಾಡಿ ಎಷ್ಟೋ ದಿನವಾಗಿತ್ತು. ಆ ಖುಷಿಗೇ ಬಿಟ್ಟೆ. ಅಪ್ಪನ ಜೋಡು, ಅಕ್ಕನ ಜೋಡು, ಕೊನೆಯಲ್ಲಿ ನನ್ನ ಜೋಡು. ದಡದ ಮೇಲೆ ಒಂದು ತಿಂಡಿಯಂಗಡಿಯಿತ್ತು. ಅದರ ಮುಂದೆ ನಿಂತಿದ್ದ ಅಜ್ಜಿಯೊಬ್ಬಳು ನಮ್ಮ ಕಡೆ ಎರಡೂ ಕೈ ಬೀಸಿ ಏನೋ ಕೂಗಿದಳು. ಎಷ್ಟು ಒಳ್ಳೆಯವರು ನೋಡಿ ಎಂದುಕೊಂಡು ಅಪ್ಪ ಅವಳಿಗೆ ಕೈಮುಗಿದರು. ಅವಳು ಗಡಿಬಿಡಿಯಲ್ಲಿ ಬಗ್ಗಿ ನಮಸ್ಕರಿಸಿ ಮತ್ತೆ ಕೂಗಿದಳು. ಅಪ್ಪ ಮತ್ತೆ ಕೈಮುಗಿದರು. ನೀರು ಬರುತ್ತದೆ, ಅಲ್ಲಿ ಬಿಡಬೇಡಿ ಎಂದು ಪಾಪ ಅವಳು ಗಂಟಲು ಹರಿದುಕೊಳ್ಳುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಮೇಲೆ ಗುಡಿಯ ಮುಂದೆ ಕಲ್ಲಿನ ತೊಟ್ಟಿಯಲ್ಲಿ ತಣ್ಣನೆಯ ನೀರಿತ್ತು, ಪಕ್ಕದಲ್ಲಿ ಬಿದಿರಿನ ಸೌಟುಗಳು. ಕೈತೊಳೆದು ಬಾಯಿ ಮುಕ್ಕಳಿಸಲು ಇಟ್ಟ ನೀರದು. ಅಪ್ಪ ಅದನ್ನು ಅಂಗೈಗೆ ಹಾಕಿಕೊಂಡು ತೀರ್ಥದಂತೆ ಮೂರು ಸಲ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡರು. ನಾವೂ ಹಾಗೆಯೇ ಮಾಡಿದೆವು. ನಮ್ಮ ಮುಂದೆ ಇದ್ದವರು ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಇನ್ನೊಮ್ಮೆ ಬಗ್ಗಿದರು. ಚಪ್ಪಾಳೆ ದೇವರನ್ನು ಎಬ್ಬಿಸಲು ಇರಬೇಕು ಎಂದು ನಾನು ಅವರಿಗಿಂತ ಜೋರಾಗಿ ತಟ್ಟಿದೆ. ಒಳಗೆ ಮೂರ್ತಿಯಿರಲಿಲ್ಲ. ಮಬ್ಬಿನಲ್ಲಿ ದುಂಡನೆಯ ಕನ್ನಡಿಯೊಂದು ಹೊಳೆಯುತ್ತಿತ್ತು. ಅಮ್ಮ ಎಲ್ಲಿದ್ದಾಳೋ ಅಲ್ಲಿಗೆ ಹೇಳಿಬಿಡು, ನನಗೆ ಇನ್ನು ಒಂದೇ ಬೆರಳು ಬಾಕಿ ಎಂದು ಬೇಡಿಕೊಂಡೆ. ಕನ್ನಡದಲ್ಲಿ ಬೇಡಿಕೊಂಡರೆ ಅಲ್ಲಿಯ ದೇವರಿಗೆ ತಿಳಿಯುತ್ತದೋ ಇಲ್ಲವೋ ಎಂಬ ಅನುಮಾನವೂ ಇತ್ತು.

ಅಪ್ಪ ಗುಡಿಯ ಹಿಂದಿನ ಬಂಡೆಯ ಮೇಲೆ ಕೂತು ಸಮುದ್ರ ನೋಡತೊಡಗಿದರು. ಕೂತವರು ಕೂತೇ ಇದ್ದರು. ಅಕ್ಕ ಎರಡು ಸಲ ಕರೆದಳು. ನಾವು ಮೆಟ್ಟಿಲಿಳಿದು ಬರುವ ಹೊತ್ತಿಗೆ ಮರಳು ಇರಲಿಲ್ಲ. ಕುಂಕುಮದ ಬಣ್ಣದ ಕಂಬಗಳು ನೀರಿನೊಳಗೆ ನಿಂತಿದ್ದವು.

ನಾನು ಓಡಿದೆ. ನೀರು ಮೊಣಕಾಲು ದಾಟಿ ತೊಡೆಯವರೆಗೆ ಬಂತು. ಕಂಬದ ಬುಡದಲ್ಲಿ ಕೈಯಾಡಿಸಿದರೆ ಸಿಕ್ಕಿದ್ದು ಕಪ್ಪೆಚಿಪ್ಪು ಮಾತ್ರ. ಅಕ್ಕ ನನ್ನನ್ನು ಎಳೆದು ದಡಕ್ಕೆ ತಂದಳು. ಸಮುದ್ರದ ಪಾಚಿ ಬಾಚುತ್ತಿದ್ದ ಹೆಂಗಸರು ಬಂಡೆಯ ಸಂದಿಯಿಂದ ಅಪ್ಪನ ಜೋಡನ್ನೂ ಅಕ್ಕನ ಜೋಡನ್ನೂ ತೆಗೆದುಕೊಟ್ಟರು. ನನ್ನದು ಹಗುರ, ಎಲ್ಲಿಗೆ ತೇಲಿತೋ.

“ನೀವೇ ಬಿಡು ಅಂದಿದ್ದು” ಎಂದೆ ಅಪ್ಪನಿಗೆ. ಅಷ್ಟು ಕೋಪದಲ್ಲಿ ನಾನು ಅಪ್ಪನನ್ನು ಅದುವರೆಗೆ ಮಾತಾಡಿಸಿರಲಿಲ್ಲ.

ಅವರು ಪ್ಯಾಂಟನ್ನೂ ಮಡಿಸದೆ ನೀರಿಗಿಳಿದರು. ಸೊಂಟದವರೆಗೆ ಹೋಗಿ ಬಗ್ಗಿ ಬಗ್ಗಿ ಹುಡುಕಿದರು. ಅಕ್ಕ ಸಾಕು ಬನ್ನಿ ಎಂದು ಅಳುತ್ತಾ ಕರೆದಳು. ತುಟಿ ನೀಲಿಯಾಗುವವರೆಗೂ ಹುಡುಕಿ, ಬರಿಗೈಯಲ್ಲಿ ಬಂದು ನನ್ನೆದುರು ಒದ್ದೆ ಬಟ್ಟೆಯಲ್ಲೇ ಕುಕ್ಕರಿಸಿದರು.

“ಸಿಗಲಿಲ್ಲ ಕಣೋ. ನಿನ್ನ ಕಾಲಿಗೆ ಸರಿಯಾಗೋದನ್ನ ನಾನೇ ನೋಡ್ಬೇಕು ಅಂತಿದ್ಲು ನಿಮ್ಮಮ್ಮ.”

ಅಮ್ಮ ಹೋದ ಮೇಲೆ ಅಪ್ಪ ಅವಳ ಸುದ್ದಿ ಎತ್ತಿದ್ದು ಅದೇ ಮೊದಲು. ಅಳುತ್ತಿದ್ದರು. ಅಪ್ಪಂದಿರೂ ಅಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಾಗಿ ಹೆದರಿಕೆಯಾಯಿತು.

ಅಂಗಡಿಯ ಅಜ್ಜಿ ಬಂದು ನಮ್ಮ ಮೂವರನ್ನೂ ಒಳಗೆ ಕರೆದುಕೊಂಡು ಹೋಗಿ ಇದ್ದಿಲ ಒಲೆಯ ಮುಂದೆ ಕೂರಿಸಿದಳು. ಮೊದಲು ಸುಟ್ಟ ಮೀನು ತಂದಳು. ಅಕ್ಕ ಕೈ ಅಲ್ಲಾಡಿಸಿ ಬೇಡವೆಂದಳು. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಮರದ ಬಟ್ಟಲುಗಳಲ್ಲಿ ಬೇರೆ ಏನನ್ನೋ ತಂದು, “ತಾಬೆತೆ ಕುದಾಸಾಯ್” ಎಂದಳು. ದಯವಿಟ್ಟು ತಿನ್ನಿ ಎಂದು ಅದರ ಅರ್ಥ. ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಹಾಕಿದ ಬಿಸಿ ಬಿಸಿ ಗಂಜಿ, ಅದರಲ್ಲಿ ಕೆಂಡದ ಮೇಲೆ ಉಬ್ಬಿಸಿದ ಅಂಟು ಅಕ್ಕಿಯ ಬಿಲ್ಲೆ. ಆ ಸೀಮೆಯವರು ಅದನ್ನು ಝೆಂಝಾಯಿ ಎನ್ನುತ್ತಾರೆ. ಜೊತೆಗೆ ಪುಟ್ಟ ತಟ್ಟೆಯಲ್ಲಿ ಉಪ್ಪುಪ್ಪಾದ ಸಮುದ್ರದ ಸೊಪ್ಪು, ಸಿಹಿ ಹೆಚ್ಚಾದರೆ ನಂಚಿಕೊಳ್ಳಲು. ಒಂದು ಗುಟುಕು ಕುಡಿದು ನಾನು ಅಕ್ಕನ ಮುಖ ನೋಡಿದೆ, ಅಕ್ಕ ಅಪ್ಪನ ಮುಖ ನೋಡಿದಳು. ಅದು ಹೋಳಿಗೆಯ ಹೂರಣದ ರುಚಿ. ಹಬ್ಬದ ದಿನ ಅಮ್ಮ ರುಬ್ಬುಗಲ್ಲಿನಿಂದ ಬಳಿದು ನಮ್ಮ ಅಂಗೈಗೆ ಹಾಕುತ್ತಿದ್ದಳಲ್ಲ, ಅದೇ. ಮೂವರೂ ಬಟ್ಟಲು ಖಾಲಿ ಮಾಡಿದೆವು. ಅಜ್ಜಿ ಕೇಳದೆಯೇ ಮತ್ತೆ ಬಡಿಸಿದಳು.

ಬಸ್ಸಿನವರೆಗೆ ಚೂಪು ಕಲ್ಲುಗಳ ದಾರಿ. ಎಂಟು ವರ್ಷದವನನ್ನು ಅಪ್ಪ ಬೆನ್ನ ಮೇಲೆ ಹೊತ್ತು ನಡೆದರು. ಅವರ ಅಂಗಿಯ ಉಪ್ಪು ನನ್ನ ಕೆನ್ನೆಗೆ ಅಂಟಿತು. ನನ್ನ ಕೋಪ ಹೋಗಿತ್ತು, ದುಃಖ ಹೋಗಿರಲಿಲ್ಲ.

ನಾವಿದ್ದದ್ದು ಒಂದು ಮಹಡಿಯ ಕೋಣೆ. ಚಪ್ಪಲಿಗಳನ್ನು ಹೊರಗಿನ ಮೆಟ್ಟಿಲ ಬಳಿಯೇ ಬಿಡುತ್ತಿದ್ದೆವು. ಆ ಸಂಜೆ ಅಪ್ಪ ತಮ್ಮ ಜೋಡನ್ನೂ ಅಕ್ಕನ ಜೋಡನ್ನೂ ಒಳಗೆ ತಂದು ಗೋಡೆಗೆ ಒತ್ತಿ ಇಟ್ಟು, ಪಕ್ಕದಲ್ಲಿ ನನ್ನದಕ್ಕೆ ಜಾಗ ಬಿಟ್ಟರು. ಮರುದಿನ ಹೊಸದು ತಂದು ಅಲ್ಲಿಟ್ಟರು. ಅವರು ಕ್ಷಮಿಸು ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬದುಕಿದ್ದಷ್ಟು ದಿನವೂ, ನಾನು ಮದುವೆಯಾಗಿ ಮಕ್ಕಳ ತಂದೆಯಾದ ಮೇಲೂ, ಸಂಜೆಯಾದರೆ ಎಲ್ಲರ ಚಪ್ಪಲಿಯನ್ನೂ ಒಳಗೆಳೆದು ಇಡುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನನ್ನದಾಯಿತು.

ನಿಮ್ಮ ಲೋಕ ಬೇರೆ. ಆರು ತಿಂಗಳಿಗೊಮ್ಮೆ ಶೂ ಚಿಕ್ಕದಾಗುತ್ತದೆ, ನಿಮ್ಮಪ್ಪ ಹೊಸದು ತರುತ್ತಾನೆ, ಹಳೆಯದು ಎಲ್ಲಿ ಹೋಯಿತೆಂದು ನೀವು ಕೇಳುವುದಿಲ್ಲ. ಗೆಳೆಯರು ಫೋನ್ ಮಾಡುತ್ತಾರೆ, ಕಂಪ್ಯೂಟರಿನಲ್ಲಿ ಆಟವಿದೆ. ಮೊಂಬಾಸಾದ ಸಮುದ್ರ ನಿಮಗೆ ರಜೆಯಲ್ಲಿ ಈಜುವ ಜಾಗ. ಬೆಳಿಗ್ಗೆ ನೀವು ಶಾಲೆಗೆ, ನಿಮ್ಮಪ್ಪ ಔಷಧಿ ಕಾರ್ಖಾನೆಗೆ, ಅಮ್ಮ ಬ್ಯಾಂಕಿಗೆ ಹೊರಟರೆ ಸಂಜೆಯವರೆಗೆ ಬಾಗಿಲಲ್ಲಿ ಇರುವುದು ನನ್ನ ಚಪ್ಪಲಿಯೊಂದೇ. ನಿಮ್ಮಜ್ಜಿ ಇದ್ದಿದ್ದರೆ ಎರಡು ಜೊತೆ ಇರುತ್ತಿತ್ತು. ನಿಮ್ಮಪ್ಪನ ಕಾರು ಜಪಾನಿನಲ್ಲಿ ಯಾರೋ ಓಡಿಸಿ ಮಾರಿದ್ದು. ಚಾವಿ ತಿರುಗಿಸಿದರೆ ಅದರೊಳಗಿನ ಹೆಂಗಸೊಬ್ಬಳು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಾಳೆ, ನೀವು ಅವಳನ್ನು ಅಣಕಿಸುತ್ತೀರಿ. ಕೊನೆಯಲ್ಲಿ ಅವಳು ಕುದಾಸಾಯ್ ಎನ್ನುತ್ತಾಳೆ. ಅದನ್ನು ಕೇಳಲೆಂದೇ ನಾನು ದಿನಾ ಮೂರು ಮಹಡಿ ಇಳಿದು ಬರುವುದು, ನಿಮಗೆ ಟಾಟಾ ಮಾಡುವುದೊಂದು ನೆಪ. ಕಾರು ಹೋದ ಮೇಲೆ ಗೇಟಿನವನು “ಹಬಾರಿ ಮ್ಝೇ” ಎಂದು ಕ್ಷೇಮ ಕೇಳುತ್ತಾನೆ. ಸಂಜೆಯವರೆಗೆ ನನ್ನನ್ನು ಮಾತಾಡಿಸುವವನು ಅವನೊಬ್ಬನೇ.

ಕಳೆದ ವಾರ ಜ್ವರ ಬಂದು ಮಧ್ಯಾಹ್ನವೇ ಮಲಗಿದ್ದೆನಲ್ಲ, ಎಚ್ಚರವಾದಾಗ ಕತ್ತಲಾಗಿತ್ತು. ಶೂಗಳ ನೆನಪಾಗಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋದೆ. ಹೊರಗೆ ಏನೂ ಇರಲಿಲ್ಲ. ಎಲ್ಲವೂ ಒಳಗೆ ಗೋಡೆಗೆ ಒತ್ತಿಕೊಂಡು ಸಾಲಾಗಿದ್ದವು, ನಡುವೆ ನನ್ನ ಚಪ್ಪಲಿ. ನಿಮ್ಮಲ್ಲಿ ಚಿಕ್ಕವನು ಪುಸ್ತಕದಿಂದ ತಲೆಯೆತ್ತದೆಯೇ, “ಅಜ್ಜಾ, ಯುವರ್ಸ್ ವಾಸ್ ಔಟ್‌ಸೈಡ್” ಎಂದ.

ಯಾಕೆ ಒಳಗಿಟ್ಟೆ ಎಂದು ನಾನು ಕೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ ಮಗು.