ಹುಲ್ಲಪ್ಪನ ಕೈ

ಶಿರೂರಿನ ಸುತ್ತಲಿನ ಕುರಿಹಟ್ಟಿಗಳಲ್ಲಿ ಹುಲ್ಲಪ್ಪನನ್ನು ಕಂಡರೆ ಮನುಷ್ಯರು ಕಂಬಳಿ ಹಾಸಿ ಕೂರಿಸುತ್ತಾರೆ, ನಾಯಿಗಳು ಬಾಲ ಮುದುರಿ ಓಡುತ್ತವೆ. ನಾಯಿಮರಿಗೆ ಮೂರು ತಿಂಗಳಾದರೆ ಅದನ್ನು ಅವನ ಮುಂದೆ ತಂದು ಬಿಡುವುದು ಆ ಕಡೆಯ ರೂಢಿ. ಹುಲ್ಲಪ್ಪ ಅಂಗೈಯಲ್ಲಿ ರೊಟ್ಟಿಚೂರು ಹಿಡಿದು ಕರೆಯುತ್ತಾನೆ. ಮರಿ ಬಾಯಿ ಹಾಕಿದ ಕೂಡಲೇ ಕಿವಿ ಹಿಂಡಿ, ಮೂತಿಯ ಮೇಲೊಂದು ಬಿಗಿಯುತ್ತಾನೆ. ಕುಂಯ್‌ಗುಟ್ಟಿ ಓಡಿದ ಮರಿಯನ್ನು ಒಡೆಯ ಎತ್ತಿಕೊಂಡು ಸಮಾಧಾನ ಮಾಡುತ್ತಾನೆ. ಆಮೇಲೆ ಆ ನಾಯಿ ಸಾಯುವ ತನಕ ಪರರ ಕೈ ನಂಬುವುದಿಲ್ಲ, ಕಳ್ಳ ಹಾಕಿದ್ದನ್ನು ಮೂಸುವುದೂ ಇಲ್ಲ. ನಲವತ್ತು ವರ್ಷ ಇದನ್ನು ಕುರಿ ಕಾಯುವ ದೇವರು ಬೀರಪ್ಪನ ಸೇವೆ ಎಂದೇ ಮಾಡಿಕೊಂಡು ಬಂದವನು ಅವನು.

ಕಲಾದಗಿಯಲ್ಲಿರುವ ತಮ್ಮನ ಮಗಳು ಸವಿತಾ ಒಂದು ದಿನ ತನ್ನ ಮುಧೋಳ ತಳಿಯ ನಾಯಿ ಬಿಜಲಿಯನ್ನು ಕರೆದುಕೊಂಡು ಬಂದಳು. ಎರಡು ವರ್ಷದ ಹಿಂದೆ ಅದರ ಕಿವಿಯನ್ನೂ ಹುಲ್ಲಪ್ಪನೇ ಹಿಂಡಿದ್ದ. ಬಾಗಲಕೋಟೆಯ ಶ್ವಾನ ಪ್ರದರ್ಶನದಲ್ಲಿ ತೀರ್ಪುಗಾರರು ಹಲ್ಲು ನೋಡಲು ಕೈ ಚಾಚಿದ್ದೇ ತಡ, ಬಿಜಲಿ ನೆಲಕ್ಕಂಟಿ ಉಚ್ಚೆ ಹೊಯ್ದುಕೊಂಡಿತ್ತಂತೆ.

"ಜನ ನಕ್ಕದ್ದು ಹೋಗ್ಲಿ ದೊಡ್ಡಪ್ಪ. ಅವತ್ತಿಂದ ಹಗ್ಗ ಹಿಡದ್ರ ಸಾಕು, ಇದು ನಡಗತೈತಿ. ಇನ್ನ ಆರು ತಿಂಗಳಿಗೆ ಮತ್ತ ಪ್ರದರ್ಶನ ಐತಿ. ಗೆಲ್ಲದಿದ್ರ ಚಿಂತಿಲ್ಲ, ಖುಷೀಲೆ ನಿಲ್ಲಬೇಕು. ಇಲ್ಲಂದ್ರ ನಾ ಮತ್ತ ಕರಕೊಂಡ ಹೋಗಂಗಿಲ್ಲ."

"ಪರರ ಕೈಗೆ ನಿಲ್ಲೂ ನಾಯಿ ಎಂಥಾ ನಾಯಿ?" ಎಂದ ಹುಲ್ಲಪ್ಪ.

"ಇದೇನ ಕುರಿ ಕಾಯೂ ನಾಯೇನು? ರೂಢಿ ಐತಂತ ತಂದು ನಿನ್ನ ಮುಂದ ಬಿಟ್ಟೆ, ನಂದ ತಪ್ಪು. ನಿನ್ನ ಕೈಗೆ ನಿಂತ್ರ ಯಾರ ಕೈಗಾದ್ರೂ ನಿಲ್ಲತೈತಿ."

ಬಿಜಲಿ ಸವಿತಾಳ ಕಾಲ ಹಿಂದೆ ನಡುಗುತ್ತಿತ್ತು. ಕಿವಿ ಹಿಂಡಿದ ಮೇಲೆ ಮರಿ ಏನಾಯಿತೆಂದು ಹುಲ್ಲಪ್ಪ ಯಾವತ್ತೂ ತಿರುಗಿ ನೋಡಿದವನಲ್ಲ. ಈಗ ನೋಡಿದ.

"ಇಲ್ಲೇ ಬಿಟ್ಟು ಹೋಗವ್ವಾ" ಎಂದ.

ದಿನಾ ಬೆಳಿಗ್ಗೆ ಅಂಗಳದಲ್ಲಿ ಕಂಬಳಿ ಹಾಸಿ, ಬಿಜಲಿಗೆ ಬೆನ್ನು ಮಾಡಿ ಕೂರತೊಡಗಿದ. ಪಕ್ಕದಲ್ಲಿ ತುಪ್ಪ ಸವರಿದ ರೊಟ್ಟಿ. "ನಲವತ್ತ ವರ್ಷದಾಗ ನನಗೊಂದಿನ ಹಿಂಗ ತುಪ್ಪ ಸವರಿ ಕೊಡಲಿಲ್ಲ ನೀವು" ಎಂದು ಹೆಂಡತಿ ಮಾಯವ್ವ ಚುಚ್ಚಿದಳು. ಬಿಜಲಿ ಮಾತ್ರ ಹತ್ತಿರ ಸುಳಿಯಲಿಲ್ಲ. ಒಂದು ತಿಂಗಳಾದ ಮೇಲೆ, ಅವನು ಎದ್ದು ಹೋದಾಗ ತಿಂದಿತು. ಇನ್ನೂ ಬಹಳ ದಿನಗಳ ಮೇಲೆ ಅವನು ಕೂತಿರುವಾಗಲೇ ಬಂತು. ಕರೆಯಲಿಲ್ಲ ಅವನು, ಅಂಗೈಯನ್ನು ನೆಲದ ಮೇಲೆ ತೆರೆದಿಟ್ಟು ಕಾದ. ಮೂತಿ ತಾನಾಗಿ ಅಂಗೈಗೆ ಬಂದ ದಿನವೂ ಮುಟ್ಟಲಿಲ್ಲ. ಮುಂದೆ ಮುಟ್ಟತೊಡಗಿದಾಗಲೂ, ನಾಯಿಗೆ ಇನ್ನೂ ಬೇಕೆನಿಸುತ್ತಿರುವಾಗಲೇ ಎದ್ದುಬಿಡುತ್ತಿದ್ದ. ಆಮೇಲೆ ದಾರಿಹೋಕರ ಸರದಿ. ಬಳೆ ಮಾರುವ ಗೌಸಿಯಾ ಕೂಡ ಬುಟ್ಟಿ ಇಳಿಸಿ ಬಿಜಲಿಯ ಹಲ್ಲು ನೋಡಿ, ರೊಟ್ಟಿ ಹಾಕಿ ಹೋಗುತ್ತಿದ್ದಳು. ಸವಿತಾ ಭಾನುವಾರ ಬಂದು ಹಗ್ಗ ಹಿಡಿದು ಅಂಗಳದ ಸುತ್ತ ಓಡಿಸುತ್ತಿದ್ದಳು.

ಪ್ರದರ್ಶನದ ದಿನ ಹುಲ್ಲಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ರಿಂಗಿನ ಹೊರಗೆ ನಿಂತಿದ್ದ. ತೀರ್ಪುಗಾರರು ಬಾಗಿ ಹಲ್ಲು ನೋಡಿ, ಕಿವಿಗೆ ಕೈ ಹಾಕಿದರು. ತಾನು ಹಿಂಡಿದ್ದ ಅದೇ ಎಡಗಿವಿ. ಅವನು ಕಣ್ಣು ಮುಚ್ಚಿಕೊಂಡ. ಬಿಟ್ಟು ನೋಡಿದಾಗ ಬಿಜಲಿ ನೆಟ್ಟಗೆ ನಿಂತು ಬಾಲ ಆಡಿಸುತ್ತಿತ್ತು.

ಬಹುಮಾನ ಬರಲಿಲ್ಲ. ಹೊರಗೆ ಕರೆತಂದರೆ ಬಿಜಲಿ ಮತ್ತೆ ರಿಂಗಿನ ಕಡೆಗೇ ಹಗ್ಗ ಜಗ್ಗಿತು. ಸವಿತಾ ನಕ್ಕಳು. ಹುಲ್ಲಪ್ಪನಿಗೆ ನಗು ಬರಲಿಲ್ಲ. ಇದೊಂದರ ಅಂಜಿಕೆ ಬಿಡಿಸಲು ಆರು ತಿಂಗಳು ಹಿಡಿದಿತ್ತು. ಉಳಿದ ನಾಯಿಗಳಲ್ಲಿ ಎಷ್ಟೋ ಆ ಅಂಜಿಕೆಯಲ್ಲೇ ಸತ್ತುಹೋಗಿದ್ದವು. ದುಃಖವನ್ನು ಯಾರ ಮುಂದೆ ಹೇಳಿಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

ಮುಂದಿನ ವಾರ ಪಕ್ಕದ ಹಟ್ಟಿಯ ಸೋಮಲಿಂಗ ಮೂರು ತಿಂಗಳ ಮರಿಯೊಂದನ್ನು ತಂದು ಅಂಗಳದಲ್ಲಿ ಬಿಟ್ಟ. ಹುಲ್ಲಪ್ಪ ಅಂಗೈಯಲ್ಲಿ ರೊಟ್ಟಿ ಹಿಡಿದ. ಮರಿ ಓಡಿ ಬಂದು ತಿಂದಿತು, ಬೆರಳ ಸಂದಿಯನ್ನೂ ನೆಕ್ಕಿತು.

"ಹಿಂಡ್ರಿ ಕಾಕಾ" ಎಂದ ಸೋಮಲಿಂಗ.

ಹುಲ್ಲಪ್ಪ ಇನ್ನೊಂದು ಚೂರು ಮುರಿದು ಅಂಗೈಯಲ್ಲಿಟ್ಟ. "ಬ್ಯಾರೆ ಯಾರನ್ನಾದ್ರೂ ನೋಡ್ಕೋಪಾ" ಎಂದ. "ಇದು ತಿನ್ನಾಕತ್ತೈತಿ."