ಪ್ಯಾನೆಲ್ಲಿನ ಆಚೆ ತುದಿ

ಲಂಪಾಯ್ ನಕ್ಕರೆ ಗೇಟಿನಾಚೆಯ ನನ್ನ ಅಂಗಡಿಗೂ ಕೇಳಿಸುತ್ತಿತ್ತು. ಶೆಡ್ಡಿನೊಳಗೆ ತಗಡು ಕತ್ತರಿಸುವ ಸದ್ದು, ಫೋರ್ಕ್‌ಲಿಫ್ಟಿನ ಹಾರ್ನು, ಮೇಸ್ತ್ರಿಗಳ ಕೂಗು, ಇವೆಲ್ಲದರ ಮೇಲೆ ಅವಳ ನಗು. ನೊಂಗ್ ಖೇ ಊರಿನ ಆ ಕಾರ್ಖಾನೆಯ ಎದುರು ನಾನು ಹಸಿ ಪಪ್ಪಾಯಿ ಕುಟ್ಟಿ ಮಾರಲು ಕೂತಾಗಿನಿಂದ ಅವಳನ್ನು ಬಲ್ಲೆ. ಮೊದಲ ದಿನವೇ ನನ್ನ ಒರಳು ನೋಡಿ, "ಇದರಲ್ಲಿ ಪಪ್ಪಾಯಿ ಕುಟ್ತೀಯೋ, ಗಂಡನ ತಲೇನೋ?" ಅಂದಿದ್ದಳು. ಗಟ್ಟಿ ಮೈಕಟ್ಟು, ಅಗಲ ಅಂಗೈ. ಮದುವೆಯಾಗಿರಲಿಲ್ಲ. ಯಾರಾದರೂ ಕೇಳಿದರೆ, "ನನ್ನ ಆಚೆ ತುದಿ ಹಿಡಿಯೋ ಗಂಡಸು ಹುಟ್ಟಿಲ್ಲ, ಅದಕ್ಕೇ ಬುಪ್ಪಾನ್ನ ಇಟ್ಕೊಂಡಿದೀನಿ" ಅನ್ನುತ್ತಿದ್ದಳು.

ಬುಪ್ಪಾ ಅವಳ ಜೋಡಿ. ಆ ಕಾರ್ಖಾನೆಯಲ್ಲಿ ತಯಾರಾಗುವುದು ಶೀತಲ ಗೋದಾಮುಗಳ ಗೋಡೆ. ಎರಡು ತಗಡಿನ ನಡುವೆ ಗಟ್ಟಿ ಫೋಮ್ ತುಂಬಿದ ಉದ್ದುದ್ದನೆಯ ಪ್ಯಾನೆಲ್ಲುಗಳು. ಸಾಲಿನ ಕೊನೆಗೆ ಬಂದದ್ದನ್ನು ಎತ್ತಿ, ಒಂದನ್ನು ಅಂಗಾತ, ಇನ್ನೊಂದನ್ನು ಮಕಾಡೆ ಇಟ್ಟು, ಮುಖಕ್ಕೆ ಮುಖ ಕೂಡಿಸಿ ಪೇರಿಸಬೇಕು. ನಡುನಡುವೆ ಫೋಮಿನ ಪಟ್ಟಿ ಇಡಬೇಕು, ಮೂಲೆಗಳಿಗೆ ರಟ್ಟು ಕೊಟ್ಟು ಮೇಲೆ ಪ್ಲಾಸ್ಟಿಕ್ ಸುತ್ತಬೇಕು. ಆಮೇಲೆ ಅದು ಕಾರ್ಖಾನೆಯ ಗೋದಾಮಿಗೆ ಹೋಗುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಆ ತುದಿಗೊಬ್ಬರು, ಈ ತುದಿಗೊಬ್ಬರು. ಮಗುಚುವಾಗ ಒಬ್ಬರು ಒಂದು ಉಸಿರು ಮುಂದಾದರೂ ತಗಡಿನ ಅಂಚು ಇನ್ನೊಬ್ಬರ ಕೈ ಸೀಳುತ್ತದೆ.

ಬುಪ್ಪಾ ಚುಮ್ ಫೇ ಕಡೆಯ ಹಳ್ಳಿಯಿಂದ ಬಂದಾಗ ಇನ್ನೂ ಹುಡುಗಿ. ಉಳಿಯಲು ಜಾಗವಿರಲಿಲ್ಲ. ಲಂಪಾಯ್ ತನ್ನ ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸಿ ಕೊಟ್ಟಳು, ಕೆಲಸ ಕಲಿಸಿದಳು, ಅವಳ ಕೈಜಾರಿ ಬಿದ್ದ ಪ್ಯಾನೆಲ್ಲಿಗೆ ತಾನು ಬೈಸಿಕೊಂಡಳು. ಬುಪ್ಪಾ ಮದುವೆಯಾಗಿ ಬೇರೆ ಮನೆ ಮಾಡಿದಳು, ಆ ಮದುವೆ ಮುರಿಯಿತು, ಆಗ ಮತ್ತೆ ಅದೇ ಕೋಣೆಗೆ ಬಂದಳು. ನನ್ನ ಅಂಗಡಿಯಲ್ಲಿ ಇಬ್ಬರೂ ಒಂದೇ ಬುಟ್ಟಿಯಿಂದ ಅಂಟಕ್ಕಿ ಅನ್ನ ಕಿತ್ತು ತಿನ್ನುತ್ತಿದ್ದರು. ಒಬ್ಬಳು ಕೈಚಾಚಿದರೆ ಇನ್ನೊಬ್ಬಳು ನೋಡದೆಯೇ ಮೆಣಸಿನಪುಡಿ ಸರಿಸುತ್ತಿದ್ದಳು.

ರೋಬೋಟ್ ಬರುತ್ತದೆ ಎಂಬ ಸುದ್ದಿ ಒಂದು ಮಳೆಗಾಲದ ಕೊನೆಯಲ್ಲಿ ಹಬ್ಬಿತು. ದೊಡ್ಡ ಕೈ, ಗಾಳಿ ಹೀರಿ ಪ್ಯಾನೆಲ್ ಕಚ್ಚಿಕೊಳ್ಳುವ ರಬ್ಬರಿನ ಬಟ್ಟಲುಗಳು; ತಾನೇ ಎತ್ತುತ್ತದೆ, ತಾನೇ ಮಗುಚುತ್ತದೆ, ತಾನೇ ಪೇರಿಸುತ್ತದೆ. ಅದನ್ನು ನಡೆಸಲು ಶೆಡ್ಡಿನಿಂದಲೇ ಕೆಲವರನ್ನು ಆರಿಸಿ ತರಬೇತಿಗೆ ಕಳಿಸುತ್ತೇವೆ ಎಂದು ಕಂಪನಿ ಹೇಳಿತು. ಮಿಕ್ಕವರು ಏನಾಗಬೇಕು ಎಂಬುದನ್ನು ಹೇಳಲಿಲ್ಲ.

ಪೇರಿಸುವ ಗುಂಪಿನ ಹಿರಿಯ ಸವಾಂಗ್. ಎಲ್ಲರೂ ಅವನನ್ನು ಮಾವ ಎಂದೇ ಕರೆಯುತ್ತಿದ್ದರು. ಅವನು ಎಲ್ಲರನ್ನೂ ಗೇಟಿನ ಪಕ್ಕದ ಕಾವಲುದೈವದ ಗುಡಿಯೆದುರು ಸೇರಿಸಿದ. ನನ್ನ ಅಂಗಡಿಯಿಂದಲೇ ಕೆಂಪು ಸೋಡಾ ಕೊಂಡು, ಸ್ಟ್ರಾ ಹಾಕಿ ನೈವೇದ್ಯವಾಗಿ ದೈವದ ಮುಂದಿಟ್ಟರು.

"ನಮ್ಮಲ್ಲಿ ಒಬ್ಬರೂ ಆ ತರಬೇತಿಗೆ ಹೋಗೋದಿಲ್ಲ," ಅಂದ ಸವಾಂಗ್ ಮಾವ. "ಎಲ್ಲರನ್ನೂ ಇಟ್ಕೋತೀವಿ ಅಂತ ಕಂಪನಿಯವರು ಬಾಯಿಬಿಟ್ಟು ಹೇಳ್ಬೇಕು. ಅಲ್ಲೀವರೆಗೂ ಅವರ ಮಿಷನ್ನು ಅವರೇ ತಳ್ಳಾಡಿಕೊಳ್ಳಲಿ. ಒಪ್ಪಿಗೇನಾ?"

"ಒಪ್ಪಿಗೆ!" ಎಂದು ಮೊದಲು ಕೂಗಿದವಳು ಲಂಪಾಯ್. ಪಕ್ಕದಲ್ಲಿ ಬುಪ್ಪಾ ಊದುಬತ್ತಿ ಹಿಡಿದು ಕಣ್ಣುಮುಚ್ಚಿ ನಿಂತಿದ್ದಳು. ಅದನ್ನು ನಾನು ನೋಡಿದ್ದೇನೆ.

ಅದಾದ ಸ್ವಲ್ಪ ದಿನಕ್ಕೆ ಬುಪ್ಪಾ ಅಳುತ್ತಾ ನನ್ನ ಅಂಗಡಿಗೆ ಬಂದಳು. ಊರಲ್ಲಿ ಅಮ್ಮನಿಗೆ ಲಕ್ವ ಹೊಡೆದಿದೆಯಂತೆ, ಒಂದು ಪಕ್ಕ ಬಿದ್ದುಹೋಗಿದೆಯಂತೆ, ರಜೆ ಹಾಕಿ ಹೊರಟಿದ್ದಾಳಂತೆ. ಲಂಪಾಯ್ ಅವಳ ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ಬರುತ್ತೇನೆಂದರೆ ಬೇಡವೆಂದಳು.

"ಪಾಳಿ ಬಿಟ್ಟು ಬರ್ಬೇಡಕ್ಕಾ. ಸುಮ್ನೆ ಬೈಸಿಕೊಳ್ತೀಯ."

"ಅಮ್ಮನ ಬಾಯಿಗೆ ಗಂಜಿ ಹನಿಹನಿಯಾಗಿ ಹಾಕು. ಗಂಟಲಿಗೆ ಸಿಕ್ಕಿಕೊಳ್ಳುತ್ತೆ," ಎಂದು ಲಂಪಾಯ್ ಹಿಂದಿನಿಂದ ಕೂಗಿ ಹೇಳಿದಳು.

ಬುಪ್ಪಾ ಹೋದ ಮೇಲೆ ಆಚೆ ತುದಿಗೆ ದಿನಕ್ಕೊಬ್ಬರು ಬಂದರು. ಒಬ್ಬ ಅವಸರದವನು, ಇನ್ನೊಬ್ಬಳು ಅಳುಕಿನವಳು. ಒಂದು ದಿನ ಪ್ಯಾನೆಲ್ಲಿನ ಮೂಲೆ ಲಂಪಾಯ್‌ಳ ಕಾಲಿನ ಮೇಲೆ ಬಿತ್ತು. ಹೆಬ್ಬೆರಳು ಊದಿ ಕಪ್ಪಾಯಿತು. "ಬುಪ್ಪಾ ಬರ್ಲಿ, ಈ ಬೆರಳು ತೋರಿಸಿ ಅವಳಿಂದ ಮೀನು ಸುಡಿಸ್ಕೊಂಡು ತಿಂತೀನಿ," ಎಂದು ನಕ್ಕಳು. ಅತ್ತ ಗುಂಪಿನಲ್ಲಿ ಗುಸುಗುಸು ಶುರುವಾಗಿತ್ತು. ಬುಪ್ಪಾ ನಿಜವಾಗಿ ಊರಿಗೆ ಹೋಗಿದ್ದಾಳಾ ಎಂದು ಒಬ್ಬ ಅಂದ. ಲಂಪಾಯ್ ಊಟದ ತಟ್ಟೆ ಬಿಟ್ಟೆದ್ದು ಅವನ ಕೊರಳಪಟ್ಟಿ ಹಿಡಿದಳು. "ತಾಯಿ ಹಾಸಿಗೆ ಹಿಡಿದಿರೋಳ ಬಗ್ಗೆ ಹೀಗೆ ಮಾತಾಡ್ತೀಯಾ? ನಿನ್ನ ನಾಲಿಗೆಗೆ ಹುಳ ಬೀಳ!" ಬಿಡಿಸಲು ನಾನೂ ಓಡಬೇಕಾಯಿತು.

ಆ ವಾರದ ರಜೆಗೆ ಅವಳು ಚುಮ್ ಫೇಗೆ ಹೊರಟಳು. ಹೇಳದೆ ಹೋಗಿ ಬುಪ್ಪಾಳಿಗೆ ಒಂದು ರಾತ್ರಿಯಾದರೂ ನಿದ್ದೆ ಮಾಡಲು ಬಿಡಬೇಕು, ತಾನು ಅಮ್ಮನ ಬಳಿ ಕೂರಬೇಕು ಎಂಬುದು ಅವಳ ಲೆಕ್ಕ. ಕಿತ್ತಳೆ, ನೋವಿನೆಣ್ಣೆ, ದೊಡ್ಡವರಿಗೆ ಕಟ್ಟುವ ಡೈಪರಿನ ದೊಡ್ಡ ಕಟ್ಟು, ಇಷ್ಟನ್ನು ಹೊತ್ತು ಕುಂಟುತ್ತಾ ಬಸ್ ಹತ್ತಿದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು.

ಅಂಗಳದಲ್ಲಿ ಒಬ್ಬ ಮುದುಕಿ ಬಿದಿರಿನ ತಟ್ಟೆಯ ಮೇಲೆ ಅಕ್ಕಿ ಹಪ್ಪಳ ಒಣಹಾಕುತ್ತಾ ಕೋಳಿಗಳನ್ನು ಬಾಯಿತುಂಬ ಬೈಯುತ್ತಿದ್ದಳು. ಕೋಲೆತ್ತಿ ಅಟ್ಟಿಸಿಕೊಂಡೂ ಹೋದಳು. ಮನೆ ತಪ್ಪಿ ಬಂದೆ ಅಂದುಕೊಂಡಳು ಲಂಪಾಯ್.

"ಬುಪ್ಪಾ ಮನೆ ಯಾವ್ದು ಅಮ್ಮಾ?"

"ಇದೇ. ನಾನೇ ಅವಳಮ್ಮ. ನೀನು ಯಾರವ್ವಾ?"

"ಲಂಪಾಯ್. ನೊಂಗ್ ಖೇಯಿಂದ."

"ಅಯ್ಯೋ, ನೀನೇನಾ ಲಂಪಾಯ್!" ಮುದುಕಿ ಕೋಲು ಎಸೆದು ಅವಳ ಎರಡೂ ಕೈ ಹಿಡಿದುಕೊಂಡಳು. "ಫೋನ್ ಮಾಡಿದಾಗೆಲ್ಲ ನಿನ್ನ ಹೆಸರೇ ಹೇಳ್ತಾಳೆ. ಬಾ, ನೆರಳಿಗೆ ಬಾ. ಅವಳು ರಯೋಂಗ್‌ನಲ್ಲೇ ಇದಾಳಲ್ಲ, ನೀನೊಬ್ಳೇ ಬಂದೆ?"

"ರಯೋಂಗ್‌ನಲ್ಲಾ?"

"ಆ ಮಿಷನ್ ಕಲಿಯೋಕೆ. ಅಷ್ಟು ಜನದಲ್ಲಿ ನನ್ನ ಮಗಳನ್ನೇ ಆರಿಸಿದ್ರಂತೆ! ನಿಂಗೆ ಗೊತ್ತಿರ್ಲೇಬೇಕಲ್ಲ." ಮುದುಕಿಯ ಕಣ್ಣು ಚೀಲದ ಮೇಲೆ ಬಿತ್ತು. "ಇದೇನೇ ಇದು, ಇಷ್ಟು ದೊಡ್ಡ ಕಟ್ಟು? ಯಾರಿಗೆ?"

"ಪಕ್ಕದ ಮನೆ ಅಜ್ಜಿಗೆ," ಅಂದಳು ಲಂಪಾಯ್. "ಹೋಗ್ತಾ ಕೊಡ್ಬೇಕು."

ಮುದುಕಿ ಬಿಡಲಿಲ್ಲ. ಕೋಳಿ ಕೊಯ್ದು ಸಾರು ಮಾಡಿ, ಪಕ್ಕದಲ್ಲಿ ಕೂತು ಬಡಿಸಿದಳು. ಮಗಳ ಹೊಸ ಕೆಲಸದ ಬಗ್ಗೆ, ಇನ್ನು ಅವಳ ಸೊಂಟ ಉಳಿಯುತ್ತದೆ ಎಂಬುದರ ಬಗ್ಗೆ ಹೇಳುತ್ತಲೇ ಇದ್ದಳು. ಲಂಪಾಯ್ ಎಲ್ಲಕ್ಕೂ ಹೂಂಗುಟ್ಟಿದಳು. ಕಿತ್ತಳೆ, ಎಣ್ಣೆ ಕೊಟ್ಟು ಕಾಲಿಗೆ ನಮಸ್ಕರಿಸಿ ಹೊರಟಳು.

ಮರುದಿನ ಆ ಡೈಪರಿನ ಕಟ್ಟನ್ನು ತಂದು ನನ್ನ ಬೆಂಚಿನ ಮೇಲಿಟ್ಟಳು. "ಯಾರಿಗಾದ್ರೂ ಬೇಕಾದ್ರೆ ಕೊಡು," ಅಂದಳು. ಆಮೇಲೆ ಎಲ್ಲ ಹೇಳಿದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ. ಕೈಯಲ್ಲಿದ್ದ ಅನ್ನದ ಉಂಡೆಯನ್ನು ಒತ್ತಿ ಒತ್ತಿ ಅದು ಕಲ್ಲಿನ ಹಾಗಾಗಿತ್ತು.

"ಸವಾಂಗ್ ಮಾವನಿಗೆ ಹೇಳಕ್ಕಾ," ಅಂದೆ.

"ನನ್ನ ಬಾಯಿಂದ ಯಾಕೆ? ಅವಳು ಬರ್ತಾಳೆ. ಬಂದು ಅವಳೇ ಹೇಳ್ತಾಳೆ. ಹೇಗೆ ಹೇಳೋದು ಅಂತ ಗೊತ್ತಾಗಿರಲ್ಲ, ಅಷ್ಟೆ. ನೀನೂ ಬಾಯಿ ಮುಚ್ಕೊಂಡಿರು."

ಬುಪ್ಪಾ ಬಂದಳು. ಊಟದ ಹೊತ್ತಿಗೆ ಎಂದಿನಂತೆ ಎದುರುಬದುರು ಕೂತರು. ನಾನು ಒರಳಿನ ಮೇಲೆ ಕಣ್ಣಿಟ್ಟು ಕಿವಿಯನ್ನು ಅಲ್ಲಿ ಬಿಟ್ಟಿದ್ದೆ.

"ಅಮ್ಮ ಹೇಗಿದಾಳೆ?" ಎಂದು ಕೇಳಿದಳು ಲಂಪಾಯ್.

"ಪರ್ವಾಗಿಲ್ಲಕ್ಕಾ. ಸ್ವಲ್ಪ ಸ್ವಲ್ಪ ಕೂರ್ತಾಳೆ."

"ಮಾತು?"

"ತೊದಲು. ಬಾಯಿ ಒಂದು ಕಡೆ ಓರೆ ಆಗಿದೆ."

ಲಂಪಾಯ್ ತುಸು ಹೊತ್ತು ಅವಳ ಮುಖವನ್ನೇ ನೋಡಿದಳು. "ಬುಪ್ಪಾ, ನನ್ಹತ್ರ ಹೇಳೋದು ಬೇರೆ ಏನಾದ್ರೂ ಇದೆಯಾ?"

"ಇನ್ನೇನಿರುತ್ತಕ್ಕಾ? ಅಯ್ಯೋ, ನಿನ್ನ ಕಾಲಿಗೇನಾಯ್ತು?"

"ಏನಿಲ್ಲ. ತಿನ್ನು," ಎಂದು ಲಂಪಾಯ್ ತನ್ನ ತಟ್ಟೆಯ ಸುಟ್ಟ ಮೀನಿನ ತುಂಡನ್ನು ಅವಳ ತಟ್ಟೆಗೆ ಹಾಕಿದಳು. ಬುಪ್ಪಾ ತಲೆತಗ್ಗಿಸಿ ತಿಂದಳು. ಆ ಹೊತ್ತಿನಲ್ಲಿ ಅವಳು ಹೇಳಿಬಿಟ್ಟಿದ್ದರೆ ಆಮೇಲಿನದು ಯಾವುದೂ ಆಗುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಚಳಿ ಶುರುವಾದಾಗ ರೋಬೋಟ್ ಬಂತು. ಹಳದಿ ಬಣ್ಣ, ಸುತ್ತ ಕಬ್ಬಿಣದ ಬೇಲಿ. ಭಿಕ್ಷುಗಳು ಬಂದು ಮಂತ್ರ ಹೇಳಿ, ಅದರ ಮೇಲೆ ನೀರು ಚಿಮುಕಿಸಿ, ಅದರ ಮೊಣಕೈಗೆ ಬಣ್ಣದ ಬಟ್ಟೆ ಕಟ್ಟಿದರು. ಊಟದ ಅಡುಗೆ ನನ್ನದಾಗಿದ್ದರಿಂದ ನಾನೂ ಒಳಗಿದ್ದೆ. ಸೂಪರ್‌ವೈಸರ್ ಮೈಕಿನಲ್ಲಿ, "ಈಗ ನಮ್ಮವರೇ ಇದನ್ನು ನಡೆಸಿ ತೋರಿಸುತ್ತಾರೆ," ಅಂದ. ಹೊಸ ನೀಲಿ ಅಂಗಿ ತೊಟ್ಟು, ಕೈಯಲ್ಲಿ ಗುಂಡಿಗಳ ಪೆಟ್ಟಿಗೆ ಹಿಡಿದು ಬುಪ್ಪಾ ಬೇಲಿಯೊಳಗಿಂದ ಬಂದಳು.

ಮಿಷನ್ನು ಪ್ಯಾನೆಲ್ಲನ್ನು ಎತ್ತಿತು, ಗಾಳಿಯಲ್ಲೇ ಮಗುಚಿತು, ಕೆಳಗಿದ್ದುದರ ಮೇಲೆ ಇಟ್ಟಿತು. ಆಚೆ ತುದಿಗೆ ಯಾರೂ ಬೇಕಾಗಲಿಲ್ಲ. ಕಂಪನಿಯ ದೊಡ್ಡವರು ಚಪ್ಪಾಳೆ ತಟ್ಟಿದರು. ಪೇರಿಸುವ ಗುಂಪಿನವರು ಕೈಕಟ್ಟಿ ನಿಂತಿದ್ದರು. ಸಭೆ ಮುಗಿದದ್ದೇ ತಡ, "ದ್ರೋಹಿ!" ಎಂದು ಸವಾಂಗ್ ಮಾವ ಎಲ್ಲರಿಗಿಂತ ಜೋರಾಗಿ ಕೂಗಿದ. "ದೈವದ ಮುಂದೆ ಮಾತು ಕೊಟ್ಟು ಹೀಗೆ ಮಾಡ್ತೀಯಾ? ನಿನ್ನ ಮನೆ ಹಾಳಾಗ!"

ಲಂಪಾಯ್ ಕೂಗಲಿಲ್ಲ. ಶೆಡ್ಡಿನ ಹಿಂದೆ ಪಾತ್ರೆ ತೊಳೆಯುವಲ್ಲಿ ನನಗೆ ನೆರವಾಗುತ್ತಿದ್ದಳು. ಬುಪ್ಪಾ ಅಲ್ಲಿಗೇ ಬಂದಳು.

"ಅಕ್ಕಾ, ನನ್ನ ಸೊಂಟ ಹೋಗಿತ್ತು. ನಿಂಗೆ ಗೊತ್ತಲ್ಲ. ಇನ್ನೆಷ್ಟು ದಿನ ಎತ್ತೋಕಾಗ್ತಿತ್ತು?"

"ಗೊತ್ತು."

"ಹೇಳಿದ್ರೆ ನೀನು ತಡೀತಿದ್ದೆ."

"ತಡೀತಿದ್ದೆ. ಕೆನ್ನೆಗೆರಡು ಬಾರಿಸ್ತಿದ್ದೆ. ಆಮೇಲೆ ನಿನ್ನ ಚೀಲ ಹೊತ್ಕೊಂಡು ಬಸ್ಸಿಗೆ ಹತ್ತಿಸಿ ಬರ್ತಿದ್ದೆ," ಅಂದಳು ಲಂಪಾಯ್. "ನಾನು ಚುಮ್ ಫೇಗೆ ಹೋಗಿದ್ದೆ ಕಣೇ. ನಿನ್ನಮ್ಮ ಕೋಳಿಸಾರು ಬಡಿಸಿದ್ಳು."

"ಅಮ್ಮ ನಂಗೆ ಹೇಳ್ಲೇ ಇಲ್ಲ," ಅಂದಳು ಬುಪ್ಪಾ.

"ನಾನೇ ಹೇಳ್ಬೇಡ ಅಂದೆ. ನೀನಾಗೇ ಹೇಳ್ತೀಯ ಅಂತ ಕಾದೆ. ಹೆತ್ತವಳ ಬಾಯಿ ಓರೆ ಆಗಿದೆ ಅಂತ ಹೇಳಿ ನನ್ನ ಮೀನು ತಿಂದ್ಯಲ್ಲೇ."

"ನಿನ್ನ ಹೆಸರೂ ಕೊಟ್ಟಿದೀನಿ ಅಕ್ಕಾ! ಮಿಷನ್ನಿನ ಪಕ್ಕ ಫೋಮಿನ ಪಟ್ಟಿ ಇಡೋಕೆ, ಪ್ಲಾಸ್ಟಿಕ್ ಸುತ್ತೋಕೆ ಒಬ್ಬರು ಬೇಕು. ನಿನ್ನನ್ನೇ ಇಟ್ಕೋಬೇಕು ಅಂತ ಮೊದಲೇ ಕೇಳ್ಕೊಂಡಿದೀನಿ. ಇಬ್ಬರೂ ಒಟ್ಟಿಗೇ ಇರ್ಬಹುದು."

"ಬೇರೆ ಯಾರಿಗಾದ್ರೂ ಕೊಡು," ಎಂದು ಲಂಪಾಯ್ ತೊಳೆದ ಪಾತ್ರೆಗಳನ್ನೆತ್ತಿಕೊಂಡು ಹೋದಳು. ಬುಪ್ಪಾ ನನ್ನತ್ತ ನೋಡಿದಳು. ನಾನು ಉಳಿದ ತಟ್ಟೆಗಳನ್ನು ತೊಳೆಯತೊಡಗಿದೆ.

ಆಣೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಗುಂಪಿನವರೆಲ್ಲ ಸೇರಿ ಕೆಲಸ ನಿಲ್ಲಿಸಬೇಕು ಎಂದು ಲಂಪಾಯ್ ಮನೆಮನೆಗೆ ಹೋಗಿ ಹೇಳಿದಳು. ಎಲ್ಲರೂ ಹೂಂ ಅಂದರು. ಬೆಳಿಗ್ಗೆ ಗುಡಿಯ ಮುಂದೆ ಅವಳೊಬ್ಬಳೇ ನಿಂತಿದ್ದಳು. ಒಬ್ಬೊಬ್ಬರಾಗಿ ಅವಳ ಪಕ್ಕದಿಂದಲೇ ತಲೆತಗ್ಗಿಸಿ ಒಳಗೆ ಹೋದರು. ಕೆಲವರು ಪರಿಹಾರ ಪಡೆದು ಕೆಲಸ ಬಿಡಲು ಒಪ್ಪಿ ಆಗಲೇ ಸಹಿ ಹಾಕಿದ್ದರು, ಕೆಲವರು ತರಬೇತಿಯ ಮುಂದಿನ ತಂಡಕ್ಕೆ ಹೆಸರು ಕೊಟ್ಟಿದ್ದರು. ಸವಾಂಗ್ ಮಾವ ಮಾತ್ರ ಬರಲೇ ಇಲ್ಲ. ತಿಂಗಳು ತುಂಬುವುದರೊಳಗೆ ಕಾರ್ಖಾನೆಯ ಹೊಸ ಗೋದಾಮಿನ ಬಾಗಿಲಲ್ಲಿ ಕಾವಲುಗಾರನ ಸಮವಸ್ತ್ರ ತೊಟ್ಟು ಕಂಡ. ಆ ಕೆಲಸವನ್ನು ಅವನು ಆಣೆ ಮಾಡಿಸುವುದಕ್ಕೂ ಮೊದಲೇ ಗೊತ್ತುಮಾಡಿಕೊಂಡಿದ್ದನಂತೆ. ಆಣೆಯ ಹೆಸರಲ್ಲಿ ಗುಂಪನ್ನು ಹಿಡಿದಿಟ್ಟು, ಮಿಷನ್ನು ಬರುವವರೆಗೂ ಯಾರೂ ಕೆಲಸ ನಿಲ್ಲಿಸಿ ಗಲಾಟೆ ಮಾಡದಂತೆ ನೋಡಿಕೊಂಡದ್ದಕ್ಕೆ ಕಂಪನಿ ಕೊಟ್ಟ ಬಹುಮಾನ ಅದು.

"ಬಟ್ಟೆ ಚೆನ್ನಾಗಿ ಒಪ್ಪುತ್ತೆ ಮಾವ," ಅಂದಳು ಲಂಪಾಯ್, ದಾರಿಯಲ್ಲಿ ಸಿಕ್ಕಾಗ. "ಎದೆ ಮೇಲೊಂದು ಪದಕ ಕಮ್ಮಿ."

"ನಿಂಗೆ ಬುದ್ಧಿ ಇಲ್ಲ ಲಂಪಾಯ್," ಎಂದು ಅವನು ಗೊಣಗಿದ. "ಎಲ್ಲರಿಗೂ ಹೊಟ್ಟೆ ಇದೆ."

"ನಂಗೂ ಇದೆ. ನಿಮ್ಮೆಲ್ಲರಿಗಿಂತ ದೊಡ್ಡದು."

ಅದೇ ವಾರ ಅವಳು ಕೆಲಸ ಬಿಟ್ಟು, ಕೋಣೆಯಿಂದ ತನ್ನ ಸಾಮಾನು ತೆಗೆದಳು. ಬುಪ್ಪಾಳ ಚಾಪೆ, ಬಟ್ಟೆ, ಅವಳ ಅಮ್ಮನ ಫೋಟೋ, ಎಲ್ಲವನ್ನೂ ಒಂದು ಮೂಲೆಯಲ್ಲಿ ನೀಟಾಗಿ ಜೋಡಿಸಿಟ್ಟು, ಬೀಗದ ಕೈಯನ್ನು ನನ್ನ ಬಳಿ ಬಿಟ್ಟು, ಚಂತಬುರಿಗೆ ಹೋದಳು. ಅಲ್ಲಿ ಡ್ಯೂರಿಯನ್ ಹಣ್ಣು ಇಡುವ ಶೀತಲ ಗೋದಾಮುಗಳನ್ನು ಕಟ್ಟುವ ಒಂದು ತಂಡ ಸೇರಿದಳು. ಸೈಟಿನಲ್ಲಿ ಪ್ಯಾನೆಲ್ಲುಗಳನ್ನು ಇಳಿಸಿ, ನಿಲ್ಲಿಸಿ, ಬಿಗಿಯುವ ಕೆಲಸ. ಸೈಟಿಂದ ಸೈಟಿಗೆ ತಿರುಗಾಟ, ತಗಡಿನ ಶೆಡ್ಡಿನಲ್ಲಿ ವಾಸ. ಆ ವಯಸ್ಸಿಗೆ ಸುಲಭದ್ದಲ್ಲ. ಅಪರೂಪಕ್ಕೆ ಫೋನ್ ಮಾಡುತ್ತಾಳೆ. ನನ್ನ ಮಕ್ಕಳನ್ನು, ಅಂಗಡಿಯನ್ನು ವಿಚಾರಿಸುತ್ತಾಳೆ. ನಗುತ್ತಾಳೆ ಕೂಡ. ಕಾರ್ಖಾನೆಯ ಸುದ್ದಿ ತೆಗೆದರೆ, "ಸಾರು ಉಕ್ತಾ ಇದೆ," ಎಂದು ಇಟ್ಟುಬಿಡುತ್ತಾಳೆ.

ಕಳೆದ ಹೊಸವರ್ಷದ ಸೊಂಗ್‌ಕ್ರಾನ್ ಹಬ್ಬದ ರಜೆಯಲ್ಲಿ ಬುಪ್ಪಾ ಅವಳನ್ನು ಹುಡುಕಿಕೊಂಡು ಚಂತಬುರಿಗೆ ಹೋಗಿದ್ದಳು. ಆ ಹಬ್ಬದಲ್ಲಿ ಹಿರಿಯರಿಗೆ ಮಾಡುವಂತೆ ಕೈಗೆ ನೀರು ಹಾಕಿ, ಕ್ಷಮೆ ಕೇಳಿ, ಜೊತೆಗೆ ಕರೆತರಬೇಕೆಂದು ಮಲ್ಲಿಗೆ ಹೂ ತೇಲಿಬಿಟ್ಟ ಬಟ್ಟಲು ಸಮೇತ ಹೋಗಿದ್ದಳು. ವಾಪಸ್ಸು ಬಂದವಳು ಸೀದಾ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಸಿದಳು.

"ಬೈದ್ಳಾ?" ಎಂದು ಕೇಳಿದೆ.

"ಬೈದಿದ್ರೆ ಸಾಕಿತ್ತು ಅಕ್ಕಾ. ಹೊಡೆದಿದ್ರೂ ಸಾಕಿತ್ತು." ಖಾಲಿ ಬಟ್ಟಲನ್ನು ಬೆಂಚಿನ ಮೇಲಿಟ್ಟಳು. "ಚಾಪೆ ಹಾಕಿ ಕೂರಿಸಿದ್ಳು. ಊಟ ಹಾಕಿದ್ಳು. ಅಮ್ಮ ಹೇಗಿದಾರೆ ಅಂತ ಕೇಳಿದ್ಳು. ಕೈಚಾಚಿ ನೀರೂ ಹಾಕಿಸ್ಕೊಂಡ್ಳು. ಹೊರಡುವಾಗ, 'ದೂರದಿಂದ ಬಂದಿದೀರಿ, ಜೋಪಾನವಾಗಿ ಹೋಗಿ ಬನ್ನಿ' ಅಂದ್ಳು. ನನ್ನನ್ನ 'ನೀವು' ಅಂದ್ಳು ಅಕ್ಕಾ. ಲಂಪಾಯಕ್ಕ ನನ್ನನ್ನ 'ನೀವು' ಅಂದ್ಳು."

ನಾನು ಅವಳಿಗೆ ನೀರು ಕೊಟ್ಟೆ. ಪಾಳಿಯ ಸೈರನ್ ಕೂಗಿತು. ಅವಳು ಮುಖ ತೊಳೆದುಕೊಂಡು, ಚೀಲದಲ್ಲಿದ್ದ ನೀಲಿ ಅಂಗಿ ತೊಟ್ಟು ಗುಂಡಿ ಹಾಕಿಕೊಂಡು ಒಳಗೆ ಹೋದಳು.