ಕೋಗಿಲಿನ ತಾರಸಿಯ ಮೇಲೊಂದು ಲೈಟ್‌ಹೌಸ್

ಕಳೆದ ಭಾನುವಾರ ಬೆಳಿಗ್ಗೆ ಕೊಡಿಗೇಹಳ್ಳಿಯಿಂದ ನನ್ನ ಸಮುದ್ರಯಾನ ಹೊರಟಿತು. ಹಡಗೆಂದರೆ ಸಿಟಿ ಬಸ್ಸು. ಟಿಕೆಟ್ ಇಪ್ಪತ್ಮೂರು ರೂಪಾಯಿ, ದೂರ ಏಳು ಕಿಲೋಮೀಟರ್, ಜೊತೆಗೆ ಗೆಳೆಯ ಸುಹಾಸ. ಜಕ್ಕೂರಿನ ಹತ್ತಿರ ಪುಟ್ಟ ವಿಮಾನವೊಂದು ನನ್ನ ತಲೆಗೂದಲು ಸವರಿಕೊಂಡೇ ಹಾರಿತು. ಅದು ಎಲ್ಲೋ ಮೇಲಿತ್ತು ಎನ್ನುತ್ತಾನೆ ಸುಹಾಸ. ಅವನಿಗೆ ಕಲ್ಪನಾಶಕ್ತಿ ಕಡಿಮೆ.

ಕೋಗಿಲಿನಲ್ಲಿರುವುದು ಸುಹಾಸನ ತಾತ ಶೀನಪ್ಪನವರ ಮನೆ. ಕರಾವಳಿಯ ಲೈಟ್‌ಹೌಸುಗಳಲ್ಲಿ ಮೂವತ್ತು ವರ್ಷ ದೀಪ ಕಾದವರು. ಅಲ್ಲಿಗೆ ಹೊಸ ದೀಪ ಬಂದಾಗ ಹಳೆಯ ಮಸೂರವನ್ನು ಹರಾಜಿನಲ್ಲಿ ಕೊಂಡು ತಂದು, ತಾರಸಿಯ ಕೋಣೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ನಾವು ಅವತ್ತೇ ಹೋಗಲು ಕಾರಣವಿತ್ತು. ಕೋಣೆ ಖಾಲಿ ಮಾಡಿಸಲು ತಾತನ ಹೆಂಡತಿ ಗೌರಮ್ಮಜ್ಜಿ ಹನ್ನೊಂದು ಗಂಟೆಗೆ ಗುಜರಿಯವನನ್ನು ಬರಹೇಳಿದ್ದರು.

"ಕೊನೇ ಸಲ ನೋಡ್ಕೊಳ್ರಪ್ಪಾ," ಎಂದರು ತಾತ. ಮೊದಲು ಗುಡ್ಡದ ಮೇಲೆ ಸೌದೆ ಉರಿಸುತ್ತಿದ್ದರಂತೆ, ಆಮೇಲೆ ಎಣ್ಣೆ ದೀಪ, ಸೀಮೆಎಣ್ಣೆ ದೀಪ. ಒಂದೊಂದು ಲೈಟ್‌ಹೌಸಿನ ಮಿನುಗೂ ಬೇರೆ. ಅದನ್ನು ಎಣಿಸಿಯೇ ಹಡಗಿನವರು ಊರು ಗುರುತಿಸುತ್ತಿದ್ದರಂತೆ. ಹಿತ್ತಾಳೆ ಚೌಕಟ್ಟಿನ ಮಸೂರ, ದಪ್ಪ ಪರದೆ ಹೊದ್ದು ಪೂರ್ವದ ಕಿಟಕಿಯ ಮುಂದೆ ನಿಂತಿತ್ತು. ನನಗಿಂತ ಎತ್ತರ. ಸರಿ, ನನ್ನ ಎದೆಯವರೆಗೆ.

"ಹಗಲು ಹೊತ್ತು ಪರದೆ ತೆಗೀಬಾರ್ದು. ಅದು ನಮ್ ಡ್ಯೂಟಿ ರೂಲು," ಎಂದು ಹೇಳಿ ತಾತ ಕಾಫಿ ತರಲು ಇಳಿದರು.

"ಮಗಾ, ಬೇಡ ಕಣೋ," ಎಂದ ಸುಹಾಸ.

"ಒಂದೇ ಒಂದು ಸೆಲ್ಫಿ, ಗುರು," ಎಂದು ನಾನು ಪರದೆ ಎಳೆದೆ.

ಹದಿನೆಂಟು ಸೆಲ್ಫಿ ಆಗಿತ್ತು, ಸುಟ್ಟ ವಾಸನೆ ಬಂತು. ಮಸೂರದ ಹಿಂದೆ ಗುಜರಿಗೆಂದು ಕಟ್ಟಿಟ್ಟ ಹಳೆಯ ಪೇಪರ್ ರಾಶಿಯ ನಡುವೆ ಬಿಸಿಲು ಒಂದು ಚುಕ್ಕಿಯಾಗಿ ಕೂತಿತ್ತು. ಚುಕ್ಕಿ ಕಪ್ಪಾಯಿತು, ಹೊಗೆಯಾಯಿತು, ಉರಿಯಿತು. ನಾನು ಧೈರ್ಯವಾಗಿ ಕಿರುಚಿದೆ.

ಅಜ್ಜಿ ಬಕೆಟ್ ನೀರು ತಂದು ಸುರಿದರು. ಅರ್ಧ ಪೇಪರಿಗೆ, ಅರ್ಧ ನನಗೆ. "ಏನ್ರೀ ಇದು? ಮನೆ ಸುಡೋಕೆ ಇಟ್ಕೊಂಡಿದ್ದೀರಾ?"

ಹಿಂದೆಯೇ ಓಡಿಬಂದ ತಾತ ನನ್ನನ್ನೊಮ್ಮೆ ನೋಡಿದರು. "ನಾನೇ ಮರೆತು ಪರದೆ ಸರಿಸ್ದೆ ಕಣೇ."

ಮಸೂರ ಹೋಗುವುದು ಇನ್ನು ಖಂಡಿತ ಎನ್ನಿಸಿತು. ನನ್ನ ಬಾಯಿ ಮೊದಲ ಬಾರಿಗೆ ಉತ್ಪ್ರೇಕ್ಷೆಯಿಲ್ಲದೆ ತೆರೆಯಿತು. "ಅಜ್ಜಿ, ತಾತ ಅಲ್ಲ. ನಾನು ತೆಗ್ದಿದ್ದು."

ಅಜ್ಜಿ ನನ್ನನ್ನು ಬಯ್ಯಲಿಲ್ಲ. ಮಸೂರಕ್ಕೆ ಮತ್ತೆ ಪರದೆ ಮುಚ್ಚುತ್ತಿದ್ದ ತಾತನ ಕೈಯನ್ನೇ ನೋಡುತ್ತಿದ್ದರು. "ಬರೀ ಗಾಜು ಅನ್ಕೊಂಡಿದ್ದೆ. ಇಂಥಾದ್ದನ್ನ ಮೂವತ್ತು ವರ್ಷ ಕಾಯ್ತಿದ್ರಾ ನೀವು?"

"ಒಂದ್ಸಲ ಬಂದ್ ನೋಡು ಅಂದ್ರೆ ಬರ್ತಿದ್ಯಾ?"

"ಮಕ್ಕಳ ಸ್ಕೂಲು ಯಾರು ನೋಡ್ತಿದ್ರು, ನಿಮ್ ಲೈಟ್‌ಹೌಸಾ?"

ಅಷ್ಟರಲ್ಲಿ ಕೆಳಗೆ ಗುಜರಿಯವನ ಕೂಗು. ಅವನು ಮೇಲೆ ಬಂದು ಹಿತ್ತಾಳೆಗೆ ಕೈ ಹಾಕುವ ಮೊದಲೇ ಅಜ್ಜಿ ಅಡ್ಡ ನಿಂತರು. "ಅದನ್ನ ಮುಟ್ಬೇಡಪ್ಪ. ಪೇಪರ್ ಮಾತ್ರ ತಗೊಂಡೋಗು."

"ಒದ್ದೆಯಾಗಿದೆ, ಅಮ್ಮಾ."

"ತೂಕ ಚೆನ್ನಾಗ್ ಬರತ್ತೆ."

ಹೊರಡುವಾಗ ಗೇಟಿನಿಂದ ತಿರುಗಿ ನೋಡಿದೆ. ತಾರಸಿಯ ಮೇಲೆ ತಾತ ಎರಡೂ ಕೈ ಚಾಚಿ, ದೀಪ ಹೇಗೆ ಸುತ್ತುತ್ತಿತ್ತೆಂದು ತಾವೇ ಸುತ್ತಿ ತೋರಿಸುತ್ತಿದ್ದರು. ಅಜ್ಜಿ ಸೊಂಟಕ್ಕೆ ಕೈಯಿಟ್ಟು, ತಾತನ ಒಂದೊಂದು ಸುತ್ತಿಗೂ ಒಂದೊಂದು ಮಿನುಗು ಎಣಿಸುತ್ತಿದ್ದರು, ಜೋರಾಗಿ.